ಪ್ರಾಜೆಕ್ಟ್ ಮುಗಿದ ಮೇಲೆ ಲ್ಯಾಬಿನಲ್ಲಿ ಯಾರಿರುತ್ತಾರೆ?

ಹೋದ ನವೆಂಬರ್‌ನಲ್ಲಿ ಆಳಂದ ತಾಲ್ಲೂಕಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಕಾಲೇಜಿಗೆ ಬಂದಿದ್ದರು. ಕಲಬುರಗಿಯ ಡಿಗ್ರಿ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಹುಡುಗಿ ನಮ್ಮಲ್ಲೇ ಬಿ.ಎಸ್ಸಿ ಓದಿ, ಆಮೇಲೆ ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ ಮುಗಿಸಿದವಳು. ತಂದೆಯ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಹೈದರಾಬಾದಿನ ಔಷಧ ಸಂಶೋಧನಾ ಕಂಪನಿಯ ನೇಮಕ ಪತ್ರ. ಹುದ್ದೆ ರಿಸರ್ಚ್ ಅಸೋಸಿಯೇಟ್, ತಿಂಗಳಿಗೆ 24,000. ಇನ್ನೊಂದು, ವಿಶ್ವವಿದ್ಯಾಲಯವೊಂದರ ವಾಕ್-ಇನ್ ಸಂದರ್ಶನದ ಪ್ರಕಟಣೆ. ಅಲ್ಲಿಯೂ ರಿಸರ್ಚ್ ಅಸೋಸಿಯೇಟ್ ಹುದ್ದೆಯೇ, ಆದರೆ ಪಿಎಚ್‌ಡಿ ಆಗಿರಬೇಕು, ಪಗಾರ 58,000. ಅದರ ಕೆಳಗಿನ ಸಾಲಿನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಅಂತ ಮತ್ತೊಂದು ಹುದ್ದೆ, ಅದಕ್ಕೆ ಎಂ.ಎಸ್ಸಿ ಸಾಕು.

"ಸರ್, ಹೆಸರು ಎರಡೂ ಕಡಿ ಒಂದೇ ಅದ. ಒಂದ್ ಕಡಿ ಎಂ.ಎಸ್ಸಿ ಸಾಕಂತಾರ, ಇನ್ನೊಂದ್ ಕಡಿ ಪಿಎಚ್‌ಡಿ ಬೇಕಂತಾರ. ಇದು ದೊಡ್ಡ ನೌಕರಿನೋ ಸಣ್ಣ ನೌಕರಿನೋ ನೀವೇ ಹೇಳ್ರಿ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಎರಡನೇ ಪ್ರಶ್ನೆಯೂ ಬಂತು: "ಪರ್ಮನೆಂಟ್ ಅದೇನ್ರಿ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಂಪನಿಗಳಲ್ಲಿ ರಿಸರ್ಚ್ ಅಸೋಸಿಯೇಟ್ ಅಂದರೆ ಸಾಮಾನ್ಯವಾಗಿ ಮೊದಲ ಮೆಟ್ಟಿಲು. ಎಂ.ಎಸ್ಸಿ ಮುಗಿಸಿ ಲ್ಯಾಬ್ ಬೆಂಚಿನ ಮುಂದೆ ನಿಲ್ಲುವ ಹುಡುಗ ಹುಡುಗಿಯರಿಗೆ ಕೊಡುವ ಹೆಸರು ಅದು. ಸರ್ಕಾರಿ ದುಡ್ಡಿನ ಸಂಶೋಧನೆಯಲ್ಲಿ ಅದು ಮೇಲಿನ ಮೆಟ್ಟಿಲು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಯಮದ ಪ್ರಕಾರ ಅದಕ್ಕೆ ಪಿಎಚ್‌ಡಿ ಅಥವಾ ಎಂ.ಡಿಯಂಥ ಪದವಿ ಬೇಕು. ಇಲ್ಲವಾದರೆ ಎಂ.ವಿ.ಎಸ್ಸಿ, ಎಂ.ಫಾರ್ಮ್, ಎಂ.ಟೆಕ್ ಆದ ಮೇಲೆ ಮೂರು ವರ್ಷದ ಅನುಭವ, ಜೊತೆಗೆ ಮಾನ್ಯ ಪತ್ರಿಕೆಯಲ್ಲಿ ಕನಿಷ್ಠ ಒಂದು ಪ್ರಬಂಧ ಇರಬೇಕು. 2023ರ ಜೂನ್‌ನಲ್ಲಿ ಹೊರಟ ಆದೇಶ ಅದೇ ವರ್ಷದ ಜನವರಿಯಿಂದಲೇ ಲಾಗೂ ಆಗುವಂತೆ ದರ ಏರಿಸಿತು: ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) 37,000, ಸೀನಿಯರ್ ರಿಸರ್ಚ್ ಫೆಲೋಗೆ (ಎಸ್‌ಆರ್‌ಎಫ್) 42,000, ರಿಸರ್ಚ್ ಅಸೋಸಿಯೇಟ್‌ನ ಮೂರು ಹಂತಗಳಿಗೆ 58,000, 61,000 ಮತ್ತು 67,000. ಇದಕ್ಕೆ ಮನೆ ಬಾಡಿಗೆ ಭತ್ಯೆ ಸೇರುತ್ತದೆ. ಕೇಂದ್ರದ ಲೆಕ್ಕದಲ್ಲಿ ಅದು ಈಗ ಬೆಂಗಳೂರಿನಂಥ ನಗರಕ್ಕೆ ನೂರಕ್ಕೆ 30, ಕಲಬುರಗಿ ನಗರಕ್ಕೆ 20, ಬೀದರ್ ಮತ್ತು ಯಾದಗಿರಿಗೆ 10. ಅಂದರೆ ಅದೇ ಪದವಿ ಪಡೆದು ಅದೇ ಕೆಲಸ ಮಾಡುವವರಿಗೆ ಬೆಂಗಳೂರಿನಲ್ಲಿ 75,400, ಕಲಬುರಗಿಯಲ್ಲಿ 69,600, ಬೀದರ್‌ನಲ್ಲಿ 63,800. ಬಾಡಿಗೆ ಕಡಿಮೆ ಇರುವ ಊರಲ್ಲಿ ಇದು ನಷ್ಟವಲ್ಲ. ನಮ್ಮ ಭಾಗದಲ್ಲಿ ಸಂಶೋಧಕರು ನಿಲ್ಲದಿರುವುದಕ್ಕೆ ಕಾರಣ ಪಗಾರ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾರಣ ಆ ತಂದೆ ಕೇಳಿದ ಎರಡನೇ ಪ್ರಶ್ನೆಯಲ್ಲಿದೆ.

ಅದಕ್ಕೆ ಉತ್ತರ ಕೊಡುವ ಮೊದಲು ಲ್ಯಾಬಿನಲ್ಲಿ ನಡೆಯುವ ಕೆಲಸ ಎಂಥದ್ದು ಅನ್ನುವುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಬೇರೆ ಉದಾಹರಣೆ ಯಾಕೆ, ತೊಗರಿಯನ್ನೇ ತೆಗೆದುಕೊಳ್ಳೋಣ.

2022-23ರಲ್ಲಿ ನೆಟೆ ರೋಗಕ್ಕೆ ನಮ್ಮ ಹೊಲಗಳು ಒಣಗಿ ನಿಂತದ್ದು ಯಾರಿಗೂ ಮರೆತಿಲ್ಲ. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಊರಲ್ಲಿ ನಿಂತ ಗಿಡ ಹೂವು ಕಾಯಿಯ ಹೊತ್ತಿಗೆ ಒಣಗಿದರೆ ಎಲ್ಲದಕ್ಕೂ ನೆಟೆ ಅಂತಲೇ ಹೆಸರು. ಲ್ಯಾಬಿನಲ್ಲಿ ಅದು ಒಂದೇ ರೋಗವಲ್ಲ. ಒಣಗಿದ ಗಿಡದ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆ ಕಾಣುತ್ತದೆ. ರೋಗ ತಗುಲಿದ ಭಾಗ ಮತ್ತು ಹಸಿರು ಭಾಗ ಕೂಡುವ ಅಂಚಿನಿಂದ ಸಣ್ಣ ಚೂರುಗಳನ್ನು ಕತ್ತರಿಸಬೇಕು. ಅವನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆದು, ಬ್ಲಾಟಿಂಗ್ ಕಾಗದದ ಮೇಲೆ ಒತ್ತಿ, ಚಿಮಟದಿಂದ ಶಿಲೀಂಧ್ರ ಬೆಳೆಸುವ ಆಲೂಗಡ್ಡೆ ಸತ್ವದ ಅಗಾರ್ ಪ್ಲೇಟಿನ ಮೇಲೆ ಇಡಬೇಕು. ಹೆಚ್ಚು ಹೊತ್ತು ಅದ್ದಿದರೆ ಒಳಗಿನ ಶಿಲೀಂಧ್ರವೂ ಸಾಯಬಹುದು. ತೀರಾ ಬೇಗ ತೆಗೆದರೆ ಹೊರಗಿನ ಬೂಸ್ಟು ಪ್ಲೇಟು ತುಂಬಿಕೊಳ್ಳಬಹುದು. ಐದಾರು ದಿನಕ್ಕೆ ಅರಳೆಯಂಥ ಬಿಳಿ ಬೆಳವಣಿಗೆ ಬಂದು, ಸೂಕ್ಷ್ಮದರ್ಶಕದಲ್ಲಿ ಕುಡುಗೋಲಿನ ಆಕಾರದ ಬೀಜಕಣ ಕಂಡರೆ ಅದು ಫ್ಯುಸೇರಿಯಂ, ಅಂದರೆ ನಿಜವಾದ ಸೊರಗು ರೋಗ. ಪ್ಲೇಟು ಬೂದಿಬಣ್ಣಕ್ಕೆ ತಿರುಗಿ, ಸಣ್ಣ ಕರಿ ಕಾಳಿನಂಥ ಕಣಗಳು ಮೂಡಿದರೆ ಅದು ಮ್ಯಾಕ್ರೋಫೊಮಿನಾ, ಅಂದರೆ ಒಣ ಬೇರು ಕೊಳೆ. ಮಣ್ಣಿನಲ್ಲಿ ತೇವ ಕಡಿಮೆಯಾಗಿ ಬಿಸಿಲು ಏರಿದಾಗ ಅದರ ಆಟ ಜೋರು. ಸೊರಗು ತಡೆಯುವ ತಳಿ ಬಿತ್ತಿದರೂ ಗಿಡ ಒಣಗಿತು ಅಂತ ರೈತ ಬೀಜದ ಅಂಗಡಿಯವನ ಜೊತೆ ಜಗಳಕ್ಕೆ ನಿಂತಾಗ, ಎಷ್ಟೋ ಸಲ ತಪ್ಪು ಬೀಜದ್ದಾಗಿರುವುದಿಲ್ಲ. ರೋಗವೇ ಬೇರೆಯಾಗಿರುತ್ತದೆ.

ಈ ಕೆಲಸವನ್ನು ಪುಸ್ತಕ ಓದಿ ಕಲಿಯಲಾಗದು. ಇನ್ನೂರು ಪ್ಲೇಟು ಕೆಡಿಸಿದ ಮೇಲೆ ಕೈಗೆ ಬರುತ್ತದೆ. ಕೈಗೆ ಬಂದ ಮೇಲೆ ಅದು ಆ ಮನುಷ್ಯನ ಜೊತೆಗೇ ಇರುತ್ತದೆ. ಅವನು ಹೋದರೆ ಅದೂ ಹೋಗುತ್ತದೆ.

ಇನ್ನು ಹೊಲದ ಲೆಕ್ಕ. ತೊಗರಿ ಜೂನ್-ಜುಲೈಗೆ ಬಿತ್ತಿ ಡಿಸೆಂಬರ್-ಜನವರಿಗೆ ಕೊಯ್ಯುವ ಬೆಳೆ, ವರ್ಷಕ್ಕೆ ಒಂದೇ ಹಂಗಾಮು. ರೋಗ ತುಂಬಿದ ಮಣ್ಣಿನಲ್ಲೇ ಸಾಲುಸಾಲು ತಳಿ ಬಿತ್ತಿ ಯಾವುದು ಉಳಿಯುತ್ತದೆ ಅಂತ ನೋಡುವ ಪ್ರಯೋಗದ ತಾಕನ್ನು ಲ್ಯಾಬಿನವರು ಸಿಕ್ ಪ್ಲಾಟ್ ಅನ್ನುತ್ತಾರೆ. ಹೊಸ ತಳಿಯೊಂದು ಎರಡು ತಳಿಗಳ ಕ್ರಾಸಿಂಗ್‌ನಿಂದ ಶುರುವಾಗಿ ರೈತನ ಕೂರಿಗೆಗೆ ಬರುವಷ್ಟರಲ್ಲಿ ಎಂಟು-ಹತ್ತು ವರ್ಷ ಹಿಡಿಯುತ್ತದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಸೊರಗು ನಿರೋಧಕ ತಳಿ ಮಾರುತಿ 1986ರಲ್ಲಿ ಬಿಡುಗಡೆಯಾಗಿ ನಮ್ಮ ಹೊಲಗಳಲ್ಲಿ ದಶಕಗಳ ಕಾಲ ನಿಂತಿತು. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ಬಂದವು. 2019ರಲ್ಲಿ ಗುಲಬರ್ಗಾ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ತಳಿಗಳ ಹಿಂದೆ ಒಬ್ಬರಲ್ಲ ಒಬ್ಬರು ಹತ್ತು ವರ್ಷ ಬಿಡದೆ ಗಿಡ ಎಣಿಸಿದವರಿದ್ದಾರೆ.

ಪ್ರಾಜೆಕ್ಟಿನ ಆಯುಷ್ಯ ಮಾತ್ರ ಸಾಮಾನ್ಯವಾಗಿ ಮೂರು ವರ್ಷ, ಅಂದರೆ ಮೂರು ಹಂಗಾಮು. ನೇಮಕ ಪತ್ರದಲ್ಲೇ ಬರೆದಿರುತ್ತಾರೆ: ಹುದ್ದೆ ಪೂರ್ತಿ ತಾತ್ಕಾಲಿಕ, ಯೋಜನೆ ಮುಗಿದ ದಿನವೇ ಮುಗಿಯುತ್ತದೆ, ಕಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ. ಮೊದಲ ಹಂಗಾಮು ಕಲಿಯುವುದರಲ್ಲಿ ಹೋಗುತ್ತದೆ, ಎರಡನೆಯದರಲ್ಲಿ ಕೆಲಸ ಹದಕ್ಕೆ ಬರುತ್ತದೆ, ಮೂರನೆಯದರಲ್ಲಿ ಕೆಲಸಕ್ಕೆ ಸೇರಿದವಳು ಮುಂದಿನ ವಾಕ್-ಇನ್ ಹುಡುಕುತ್ತಿರುತ್ತಾಳೆ. ಸಂದರ್ಶನ ಬೆಂಗಳೂರಿನಲ್ಲಾದರೆ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದು ಹೋಗಬೇಕು. ಪ್ರಯಾಣ ವೆಚ್ಚ ಕೊಡುವುದಿಲ್ಲ ಅನ್ನುವ ಸಾಲು ಪ್ರಕಟಣೆಯ ಕೊನೆಯಲ್ಲಿ ಇದ್ದೇ ಇರುತ್ತದೆ.

ಆ ಮೂರು ವರ್ಷವಾದರೂ ಪಗಾರ ತಿಂಗಳಾ ಬರುತ್ತದೆಯೇ? ನಾನು ಹಿಂದೆ ಒಂದು ಸಂಸ್ಥೆಯ ಸಸ್ಯರೋಗ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಎರಡು ವರ್ಷ ಇದ್ದೆ. ಎರಡನೇ ವರ್ಷ ಏಳು ತಿಂಗಳು ಪಗಾರ ಬರಲಿಲ್ಲ. ನಮ್ಮ ಮಾರ್ಗದರ್ಶಕರು ಒಳ್ಳೆಯವರು, ತಮ್ಮ ಜೇಬಿನಿಂದ ಎರಡು ಸಲ ದುಡ್ಡು ಕೊಟ್ಟರು. ಮನೆಯಲ್ಲಿ ಅಪ್ಪ ಕೇಳುವುದನ್ನು ನಿಲ್ಲಿಸಿದರು. ಕೇಳಿದ್ದರೇ ವಾಸಿ ಇತ್ತು. ತಪ್ಪು ಯಾರೋ ಒಬ್ಬರದ್ದು ಅಂತ ನಾನು ಆಗ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಪದ್ಧತಿಯಲ್ಲೇ ಇರುವ ತೊಂದರೆ. ಅನುದಾನ ಕಂತಿನಲ್ಲಿ ಬರುತ್ತದೆ. ಮೊದಲ ವರ್ಷದ ಖರ್ಚಿನ ಲೆಕ್ಕಪತ್ರ, ಆಡಿಟ್ ಆದ ಬಳಕೆ ಪ್ರಮಾಣಪತ್ರ ಮೇಲೆ ಹೋಗಿ ಒಪ್ಪಿಗೆಯಾದ ಮೇಲೆಯೇ ಎರಡನೇ ಕಂತು. ಮಾರ್ಚ್‌ಗೆ ಉಳಿದ ಹಣ ವಾಪಸು ಹೋಗುತ್ತದೆ. ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಒಂದು ಕಡತ ಒಂದು ತಿಂಗಳು ಕೂತರೆ ದಿಲ್ಲಿಯಲ್ಲಿ ಅದು ಮೂರು ತಿಂಗಳ ತಡವಾಗುತ್ತದೆ. ದೊಡ್ಡ ರಾಷ್ಟ್ರೀಯ ಸಂಸ್ಥೆಗಳಲ್ಲಿ ಅಲ್ಲಿಯವರೆಗೆ ಸಂಸ್ಥೆಯೇ ತನ್ನ ಹಣದಿಂದ ಪಗಾರ ಹಾಕಿ ಆಮೇಲೆ ಸರಿದೂಗಿಸಿಕೊಳ್ಳಬಹುದು. ರಾಜ್ಯ ವಿಶ್ವವಿದ್ಯಾಲಯಗಳಿಗೆ ಆ ಶಕ್ತಿ ಇಲ್ಲ. ಪಿಎಚ್‌ಡಿ ಮಾಡುವವರಲ್ಲೂ ಇದೇ ಭೇದ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗದವರಿಗೂ ಯುಜಿಸಿಯ ತಿಂಗಳ 8,000 ರೂಪಾಯಿಯ ವ್ಯವಸ್ಥೆ ಇದೆ. ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದೂ ಇಲ್ಲ. ಒಂದೇ ಜಿಲ್ಲೆ, ಒಂದೇ ವಿಷಯ, ಎರಡು ಕ್ಯಾಂಪಸ್ಸು.

ಇಲ್ಲಿ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಪಾಲಕರ ಮನಸ್ಸಿನಲ್ಲಿ ಅದೊಂದು ದೊಡ್ಡ ಭರವಸೆ. 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯ ಅಡಿಯ ಆದೇಶ ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಎ ಮತ್ತು ಬಿ ಗುಂಪಿನಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ಮೀಸಲಿಟ್ಟಿತು. ಅದು ನಮ್ಮ ಮಕ್ಕಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅದು ರಾಜ್ಯ ಸರ್ಕಾರದ ಮಂಜೂರಾದ ಹುದ್ದೆಗೆ ಅನ್ವಯಿಸುತ್ತದೆ. ಪ್ರಾಜೆಕ್ಟ್ ಹುದ್ದೆ ಮಂಜೂರಾದ ಹುದ್ದೆಯೇ ಅಲ್ಲ, ಕೇಂದ್ರೀಯ ವಿಶ್ವವಿದ್ಯಾಲಯ ರಾಜ್ಯದ ಸಂಸ್ಥೆಯಲ್ಲ. ಹಾಗಾಗಿ ಹುಡುಗ ಹುಡುಗಿಯರು ಜಾಣ ಲೆಕ್ಕವನ್ನೇ ಹಾಕುತ್ತಾರೆ. ಲ್ಯಾಬಿನಲ್ಲಿ ನಾಲ್ಕು ವರ್ಷ ಕಳೆಯುವುದಕ್ಕಿಂತ ಅದೇ ನಾಲ್ಕು ವರ್ಷ ಪಿಡಿಒ, ಎಫ್‌ಡಿಎ, ಶಿಕ್ಷಕರ ನೇಮಕಾತಿಗೆ ಓದುವುದು ಲಾಭ. ಕಲಬುರಗಿಯ ಲೈಬ್ರರಿಗಳಲ್ಲಿ ರಾತ್ರಿ ಹತ್ತರವರೆಗೆ ಕೂತು ಓದುವವರಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ, ಮೈಕ್ರೊಬಯಾಲಜಿ ಮುಗಿಸಿದವರು ಎಷ್ಟು ಜನ ಅಂತ ನೋಡಿದರೆ ಸಂಕಟವಾಗುತ್ತದೆ. ಅವರ ಆಯ್ಕೆಯನ್ನು ನಾನು ಬಯ್ಯಲಾರೆ.

ಪರೀಕ್ಷೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ಫೆಲೋಶಿಪ್ ಬೇಕಾದರೆ ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ದರ್ಜೆ ಪಡೆಯಬೇಕು. 2024ರಿಂದ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅನ್ನುವ ಮೂರನೇ ದರ್ಜೆಯೂ ಇದೆ. ಪ್ರಾಜೆಕ್ಟ್ ಅಸೋಸಿಯೇಟ್ ಮೊದಲ ಹಂತಕ್ಕೆ 2020ರ ಆದೇಶ ಇಟ್ಟ ದರ ನೆಟ್ ಅಥವಾ ಗೇಟ್ ಇದ್ದವರಿಗೆ 31,000, ಇಲ್ಲದವರಿಗೆ 25,000. ನಮ್ಮ ಮಕ್ಕಳು ಎಂ.ಎಸ್ಸಿ ಎರಡನೇ ವರ್ಷದಲ್ಲಿ ಈ ಹೆಸರುಗಳನ್ನು ಮೊದಲ ಸಲ ಕೇಳುತ್ತಾರೆ. ಬಿ.ಎಸ್ಸಿ ಮೊದಲ ವರ್ಷದಲ್ಲೇ ಹೇಳಬೇಕಾದದ್ದು ನಮ್ಮ ಕೆಲಸ, ನಾವು ಹೇಳುತ್ತಿಲ್ಲ.

ಖಾಸಗಿ ಕಡೆ ನೋಡಿದರೆ ಇನ್ನೊಂದು ಚಿತ್ರ. ಯಾದಗಿರಿಯ ಕಡೇಚೂರು-ಬಾಡಿಯಾಳದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ, ಬೀದರ್‌ನ ಕೊಳಾರ, ಹುಮನಾಬಾದ್ ಕಡೆಯೂ ಇವೆ. ಸಾಯಿ ಲೈಫ್ ಸೈನ್ಸಸ್‌ನ ಉತ್ಪಾದನಾ ಘಟಕ ಬೀದರ್‌ನಲ್ಲಿದೆ, ಅದರ ಸಂಶೋಧನಾ ಕೇಂದ್ರ ಹೈದರಾಬಾದಿನಲ್ಲಿದೆ. ಇದು ಒಂದು ಕಂಪನಿಯ ದೋಷವಲ್ಲ, ಇಡೀ ಉದ್ಯಮ ಹೀಗೇ ಹಂಚಿಕೊಂಡಿದೆ. ರಿಯಾಕ್ಟರ್, ಹೊಗೆ, ತ್ಯಾಜ್ಯದ ನೀರು ನಮ್ಮ ಕಡೆ, ಹೊಸ ಅಣು ಹುಡುಕುವ ಬೆಂಚು ಹೈದರಾಬಾದಿನ ಜೀನೋಮ್ ವ್ಯಾಲಿಯಲ್ಲಿ. ನಮ್ಮ ಕೆಮಿಸ್ಟ್ರಿ ಹುಡುಗರಿಗೆ ಇಲ್ಲಿ ಸಿಗುವುದು ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆಯ ಕೆಲಸ. ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಪಾಳಿಯಲ್ಲಿ ಕೂತು ಸ್ಯಾಂಪಲ್ ಓಡಿಸುವುದು. ಅದು ಮರ್ಯಾದೆಯ ಕೆಲಸ, ಯಂತ್ರ ಚೆನ್ನಾಗಿ ಕಲಿತವನು ಎಲ್ಲಿ ಹೋದರೂ ಬದುಕುತ್ತಾನೆ. ಆದರೆ ಪ್ರಶ್ನೆ ಕೇಳುವ ಕೆಲಸ ಬೇಕು ಅನ್ನುವವರು ಜಹೀರಾಬಾದ್ ದಾಟಲೇಬೇಕು. ಬೀದರ್‌ನಿಂದ ಹೈದರಾಬಾದ್ 140 ಕಿಲೋಮೀಟರ್, ಬೆಂಗಳೂರು ಏಳುನೂರರ ಹತ್ತಿರ. ಜೀವಕೋಶ ಸಂಶೋಧನೆಯ ಸಿಸಿಎಂಬಿ, ರಾಸಾಯನಿಕ ತಂತ್ರಜ್ಞಾನದ ಐಐಸಿಟಿ, ರಾಷ್ಟ್ರೀಯ ಪೋಷಣಾ ಸಂಸ್ಥೆ, ಇಕ್ರಿಸ್ಯಾಟ್ ಎಲ್ಲ ಆ ದಿಕ್ಕಿನಲ್ಲೇ. ನಮ್ಮ ಕಾಲೇಜುಗಳು ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೇ ಪತ್ರ ಬರೆಯುತ್ತವೆ. ಹತ್ತಿರದ ಬಾಗಿಲು ತಟ್ಟುವುದನ್ನು ನಾವು ಇನ್ನೂ ಕಲಿಯಬೇಕು.

ಇಷ್ಟೆಲ್ಲ ಲ್ಯಾಬು ಇಲ್ಲಿ ಯಾಕೆ ಬೇಕು ಅಂತ ಕೇಳಿದವರಿಗೆ ನಾನು 2020ರ ಮಾರ್ಚ್ ನೆನಪಿಸುತ್ತೇನೆ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ 76 ವರ್ಷದ ಹಿರಿಯರದು. ಅವರು ತೀರಿಕೊಂಡದ್ದು ಮಾರ್ಚ್ 10ರಂದು, ಸೋಂಕು ಖಚಿತವಾದದ್ದು 12ರಂದು. ಗಂಟಲ ದ್ರವ ಬೆಂಗಳೂರಿಗೆ ಹೋಗಿ ಫಲಿತಾಂಶ ಬರುವಷ್ಟರಲ್ಲಿ ಮನುಷ್ಯ ಇರಲಿಲ್ಲ. ಆಮೇಲೆ ಇಲ್ಲಿಯೇ ಪರೀಕ್ಷಾ ಲ್ಯಾಬ್ ಆಯಿತು. ನನ್ನ ಇಬ್ಬರು ವಿದ್ಯಾರ್ಥಿಗಳು ಗುತ್ತಿಗೆಯ ಮೇಲೆ ಕೋವಿಡ್ ಲ್ಯಾಬಿನಲ್ಲಿ ಪಿಪಿಇ ತೊಟ್ಟು, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಬೆವರಿಳಿಸುತ್ತ ಆರ್‌ಟಿಪಿಸಿಆರ್ ಮಾಡಿದರು. ಅಲೆ ಇಳಿದ ಮೇಲೆ ಇಬ್ಬರಿಗೂ ಬಿಡುಗಡೆ ಪತ್ರ ಬಂತು. ಒಬ್ಬ ಈಗ ಸೇಡಂ ರಸ್ತೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ.

ನೀರಿನ ಕಥೆಯೂ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲೇ ಆರ್ಸೆನಿಕ್ ಸಿಕ್ಕಿತು. ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನುವುದು ಭಾರತೀಯ ಮಾನದಂಡ. ಅಷ್ಟು ಸಣ್ಣ ಪ್ರಮಾಣವನ್ನು ನಂಬುವಂತೆ ಅಳೆಯಲು ಒಳ್ಳೆಯ ಯಂತ್ರ ಬೇಕು. ಯಂತ್ರಕ್ಕಿಂತ ಮುಖ್ಯವಾಗಿ ಅದನ್ನು ವರ್ಷಾನುಗಟ್ಟಲೆ ಓಡಿಸಿದ ಕೈ ಬೇಕು. ಯಂತ್ರ ಕೊಳ್ಳುವುದಕ್ಕೆ ನಮ್ಮಲ್ಲಿ ಟೆಂಡರ್ ಆಗುತ್ತದೆ, ಕೈ ಉಳಿಸಿಕೊಳ್ಳುವುದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲೂ ಇರುವುದಿಲ್ಲ. ಎಷ್ಟೋ ವಿಭಾಗಗಳಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರ ಬಟ್ಟೆ ಹೊದ್ದು ಕೂತಿರುವುದನ್ನು ಕಂಡಿದ್ದೇನೆ. ಕೆಟ್ಟಿರುವುದಿಲ್ಲ. ಓಡಿಸುವವರ ಪ್ರಾಜೆಕ್ಟ್ ಮುಗಿದಿರುತ್ತದೆ.

ಹಾಗಾದರೆ ಏನು ಮಾಡಬಹುದು? ಕೇಂದ್ರ 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ತಂದಿತು. ಐದು ವರ್ಷಕ್ಕೆ 50,000 ಕೋಟಿ ಅಂತ ಅಂದಾಜು. ಬಲವಾದ ಸಂಸ್ಥೆಯ ಜೊತೆ ಬೆಳೆಯುತ್ತಿರುವ ವಿಶ್ವವಿದ್ಯಾಲಯಗಳನ್ನು ಜೋಡಿಸುವ ಯೋಜನೆಯೂ ಅದರಲ್ಲಿದೆ. ಅದು ಬರಲಿ, ಆದರೆ ಅದೂ ಪ್ರಾಜೆಕ್ಟ್ ಹಣವೇ. ನಾನು ಕೇಳುವುದು ಅದಕ್ಕಿಂತ ಬಹಳ ಸಣ್ಣದು, ಮನೆಯಲ್ಲೇ ಆಗುವಂಥದ್ದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ಇಟ್ಟರು. ಗುಲಬರ್ಗಾ ವಿಶ್ವವಿದ್ಯಾಲಯ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ, ಭೀಮರಾಯನಗುಡಿಯ ಕೃಷಿ ಕಾಲೇಜು, ಮೂರು ಜಿಲ್ಲೆಯ ವೈದ್ಯಕೀಯ ಕಾಲೇಜುಗಳು, ಇಷ್ಟಕ್ಕೂ ಸೇರಿ 30 ಹುದ್ದೆ ಕೊಡಿ. ರಿಸರ್ಚ್ ಅಸೋಸಿಯೇಟ್ ಮೊದಲ ಹಂತದ 58,000, ಕಲಬುರಗಿಯ ದರದಲ್ಲಿ ಬಾಡಿಗೆ ಭತ್ಯೆ ಸೇರಿಸಿದರೆ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ. ಆ 5,000 ಕೋಟಿಯಲ್ಲಿ ಅದು ಎರಡು ಸಾವಿರದಲ್ಲಿ ಒಂದು ಪಾಲು. ಹುದ್ದೆ ಒಂದು ಪ್ರಾಜೆಕ್ಟಿಗೆ ಸೇರದೆ ಲ್ಯಾಬಿಗೆ ಸೇರಿರಲಿ, ಹತ್ತು ವರ್ಷದ ಒಪ್ಪಂದವಿರಲಿ, ಸ್ಥಳೀಯರಿಗೆ 371(ಜೆ)ಯ ಲೆಕ್ಕದಲ್ಲೇ ಆದ್ಯತೆ ಇರಲಿ. ಜೊತೆಗೆ ಕಂತು ತಡವಾದಾಗ ಪಗಾರ ನಿಲ್ಲದಂತೆ ಪ್ರತಿ ವಿಶ್ವವಿದ್ಯಾಲಯದಲ್ಲೂ ಒಂದು ಸಣ್ಣ ಸುತ್ತುನಿಧಿ. ಮಂಡಳಿಯ ದುಡ್ಡು ಕಟ್ಟಡಕ್ಕೆ ಹೋಗುವುದು ರೂಢಿ, ಮನುಷ್ಯರ ಪಗಾರಕ್ಕೆ ನಿಯಮ ಅಡ್ಡ ಬರುತ್ತದೆ ಅನ್ನುವವರಿದ್ದಾರೆ. ನಿಯಮ ಮಾಡಿದವರು ನಮ್ಮವರೇ, ತಿದ್ದುವವರೂ ನಮ್ಮವರೇ.

ಆ ದಿನ ತಂದೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಕಾಕಾ, ಎರಡೂ ಪರ್ಮನೆಂಟ್ ಅಲ್ಲ" ಅಂದೆ. ಹುಡುಗಿಗೆ ಮಾತ್ರ, ವಿಶ್ವವಿದ್ಯಾಲಯದ ಆ ಪ್ರಾಜೆಕ್ಟಿನ ಮುಖ್ಯಸ್ಥರಿಗೆ ಫೋನ್ ಮಾಡಿ ಕೇಳಲು ಹೇಳಿದೆ: ಯೋಜನೆ ಮಂಜೂರಾಗಿದ್ದು ಯಾವಾಗ, ಇನ್ನೆಷ್ಟು ತಿಂಗಳು ಉಳಿದಿದೆ, ಎರಡನೇ ಕಂತು ಬಂದಿದೆಯಾ, ಅದರಲ್ಲೇ ಪಿಎಚ್‌ಡಿಗೆ ನೋಂದಾಯಿಸಲು ಬಿಡುತ್ತೀರಾ, ಪ್ರಬಂಧದಲ್ಲಿ ನನ್ನ ಹೆಸರು ಇರುತ್ತದೆಯಾ. ಈ ಐದು ಪ್ರಶ್ನೆ ಕೇಳದೆ ಯಾವ ವಿದ್ಯಾರ್ಥಿಯೂ ಪ್ರಾಜೆಕ್ಟಿಗೆ ಸೇರಬಾರದು. ಅವಳು ಅಲ್ಲೇ ಫೋನ್ ಮಾಡಿದಳು. ಅವರು ಬಿಚ್ಚುಮನಸ್ಸಿನಿಂದ ಉತ್ತರಿಸಿದರು: ಉಳಿದದ್ದು ಹನ್ನೊಂದು ತಿಂಗಳು, ಕಂತು ಬಂದಿಲ್ಲ.

ಹೋಗುವಾಗ ತಂದೆ ಬಾಗಿಲಲ್ಲಿ ನಿಂತು, "ನಮ್ಮ ಹೊಲದಾಗೂ ತೊಗರಿ ಒಣಗ್ಲಾಕತ್ತದ್ರಿ. ಇಕಿಗಿ ಯಾವ ನೆಟೆ ಅಂತ ಗೊತ್ತಾಗ್ತದೇನು?" ಅಂತ ಕೇಳಿದರು. ತಂದರೆ ನೋಡೋಣ ಅಂದೆ. ಎರಡನೇ ದಿನ ಪೇಪರಿನಲ್ಲಿ ಸುತ್ತಿದ ನಾಲ್ಕು ಗಿಡ ಬಂದವು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಶುದ್ಧ ಗಾಳಿ ಹಾಯಿಸುವ ಲ್ಯಾಮಿನಾರ್ ಪೆಟ್ಟಿಗೆ ಇಲ್ಲ, ಸ್ಪಿರಿಟ್ ದೀಪದ ಪಕ್ಕದಲ್ಲೇ ಅವಳು ಚೂರು ಕತ್ತರಿಸಿ ಎಂಟು ಪ್ಲೇಟು ಹಾಕಿದಳು. ಎರಡು ಕೆಟ್ಟವು. ಉಳಿದ ಆರನ್ನು ಆರನೇ ದಿನ ಬೆಳಕಿಗೆ ಹಿಡಿದು, ಆಮೇಲೆ ಸೂಕ್ಷ್ಮದರ್ಶಕದಲ್ಲೂ ನೋಡಿದಳು.

"ಸರ್, ಕುಡುಗೋಲು ಎಲ್ಲೂ ಇಲ್ರಿ. ಎಲ್ಲಾದ್ರಾಗೂ ಕರಿ ಕಾಳು ಅದಾವ."

ಅದನ್ನು ಒಂದು ಹಾಳೆಯಲ್ಲಿ ಬರೆದು, ಮುಂದಿನ ವರ್ಷ ಆ ಹೊಲದಲ್ಲಿ ತೊಗರಿ ಹಾಕಬೇಡ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದಳು. ಪ್ಲೇಟುಗಳ ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟು, ಕೀಲಿ ನನ್ನ ಕೈಗೆ ಕೊಟ್ಟಳು. ಸೋಮವಾರ ಬೆಳಗಿನ ಹೈದರಾಬಾದ್ ಬಸ್ಸಿಗೆ ಅವಳ ಟಿಕೆಟ್ ಆಗಿತ್ತು.